ಎರ್ರಗುಂಟಪಲ್ಲಿಯ ಎಂಜಲು

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ಎಂಜಲು ಕಾಯುವ ಕೆಲಸ ಎಂದು ಹೇಳಿಬಿಡುತ್ತೇನೆ. ಆಣ್ವಿಕ ಜೀವಶಾಸ್ತ್ರ, ಕ್ಯಾನ್ಸರು, ಆರ್‌ಎನ್‌ಎ ಎಂದು ಶುರುಮಾಡಿದರೆ ಎದುರಿಗಿರುವವರು ತಮ್ಮ ಸೊಂಟನೋವಿಗೆ ಮಾತ್ರೆ ಕೇಳುತ್ತಾರೆ. ನಾನು ಆ ಡಾಕ್ಟರಲ್ಲ ಎಂದರೆ, ಮತ್ಯಾಕಮ್ಮ ಅಷ್ಟು ವರ್ಷ ಓದಿದೆ ಎಂದು ಮುಖ ಸಿಂಡರಿಸುತ್ತಾರೆ. ನನಗೆ ಪಿಎಚ್‌ಡಿ ಬಂದಾಗ ಊರಲ್ಲಿ 'ಡಾಕ್ಟರ್ ಗಂಗಾಲಕ್ಷ್ಮಿ' ಎಂದು ಬ್ಯಾನರು ಕಟ್ಟಿದ್ದರು. ಮಾರನೆಯ ಬೆಳಿಗ್ಗೆಯೇ ಒಬ್ಬರು ಎಮ್ಮೆಗೆ ಜ್ವರ ಎಂದು ಬಂದು ನಿಂತರು.

ಕೆಲಸ ಇಷ್ಟೇ. ಬಾಯಲ್ಲಿ ಹುಣ್ಣು ಕಾಣುವ ಮುಂಚೆಯೇ ಕ್ಯಾನ್ಸರಿನ ಸುಳಿವು ಉಗುಳಿನಲ್ಲಿ ಸಿಗುತ್ತದೆಯೇ ಎಂದು ನೋಡುವುದು. ಸುಳಿವು ಕೊಡುವುದು ಆರ್‌ಎನ್‌ಎ. ಡಿಎನ್‌ಎ ಎನ್ನುವುದು ಜೀವಕೋಶದೊಳಗೆ ಬೀಗ ಹಾಕಿಟ್ಟ ಮೂಲಪತ್ರವಾದರೆ, ದಿನದ ಕೆಲಸಕ್ಕೆ ಅದರಿಂದ ತೆಗೆಸಿಕೊಂಡ ಜೆರಾಕ್ಸು ಆರ್‌ಎನ್‌ಎ. ಇವುಗಳಲ್ಲಿ ಕೆಲವು ಪ್ರೋಟೀನು ತಯಾರಿಸಲು ದುಡಿಯುತ್ತವೆ. ಇನ್ನು ಕೆಲವು ಒಂದು ಕಡ್ಡಿಯನ್ನೂ ಎತ್ತಿ ಆಚೆ ಇಡುವುದಿಲ್ಲ. ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಅಧಿಕಾರ ಚಲಾಯಿಸುತ್ತ ತಿರುಗುತ್ತವೆ, ನಮ್ಮೂರಿನ ಪಂಚಾಯಿತಿ ಮೆಂಬರು ಕದಿರೇಶಣ್ಣನ ಹಾಗೆ. ಬಾಯಿಯ ಒಳಚರ್ಮದಲ್ಲಿ ಕೆಟ್ಟದ್ದೇನಾದರೂ ಶುರುವಾದಾಗ ಈ ಪುಢಾರಿಗಳ ಪೈಕಿ ಕೆಲವರ ಸಂಖ್ಯೆ ಏರುತ್ತದೆ. ಆ ಏರಿಕೆಯನ್ನು ಹಿಡಿಯುವ ಪರೀಕ್ಷೆಯೊಂದನ್ನು ನಾವು ಕಟ್ಟುತ್ತಿದ್ದೆವು.

ಆರ್‌ಎನ್‌ಎ ಬಹಳ ನಾಜೂಕು. ಬೆರಳಿನ ಬೆವರು, ಬಾಯಿಯ ಉಸಿರು, ಮೇಜಿನ ಧೂಳು, ಯಾವುದು ತಾಗಿದರೂ ಚೂರುಚೂರಾಗಿ ಹೋಗುತ್ತದೆ. ಹಾಗಾಗಿ ನಮ್ಮ ಪ್ರಯೋಗಾಲಯದಲ್ಲಿ ಮಡಿ. ಬೇರೆ ಕೋಟು, ಬೇರೆ ಚಪ್ಪಲಿ, ಎರಡೆರಡು ಕೈಗವಸು, ಏನಾದರೂ ಮುಟ್ಟಿದರೆ ಮತ್ತೆ ಒರೆಸಬೇಕು. ನನ್ನ ಅಜ್ಜಿಯನ್ನು ಅಡುಗೆಮನೆಯ ಹೊಸ್ತಿಲಿನಾಚೆಯೇ ನಿಲ್ಲಿಸುತ್ತಿದ್ದ ಮನೆಗಳ ಮಡಿಯನ್ನೂ ಮೀರಿಸಿದ ಮಡಿ, ಅದೂ ಎಂಜಲಿಗೆ. ಈ ಗುಡಿಯ ಪ್ರಧಾನ ಅರ್ಚಕರು ನಮ್ಮ ಮುಖ್ಯಸ್ಥ ಡಾಕ್ಟರ್ ಮುರಳಿಮೋಹನ್. ಮೈಸೂರಿನವರು, ಬೋಳುತಲೆ, ಭಾಷಣ ಚೆನ್ನಾಗಿ ಮಾಡುತ್ತಾರೆ. ಕೋಲಾರದ ಹೊರಗಿನ ನಮ್ಮ ಕೇಂದ್ರದಲ್ಲಿ ಅವರು ಸ್ವತಃ ಒಂದು ಟ್ಯೂಬನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ.

ನಾನು ಈ ಎಂಜಲಿಗೆ ಬಿದ್ದದ್ದು ಅಮ್ಮನಿಂದ. ಅಮ್ಮ ಶಾಮಲಮ್ಮ, ಶ್ರೀನಿವಾಸಪುರ ತಾಲ್ಲೂಕಿನ ಎರ್ರಗುಂಟಪಲ್ಲಿಯವಳು. ಆ ಕಡೆಯ ಎಷ್ಟೋ ಹೆಂಗಸರ ಹಾಗೆ ಕಡ್ಡಿಪುಡಿ ಹಾಕುತ್ತಿದ್ದಳು. ಹೊಗೆಸೊಪ್ಪಿನ ಕಡ್ಡಿ ಕುಟ್ಟಿದ ಪುಡಿ ಅದು. ಎಲೆಯಡಿಕೆಯ ಜೊತೆಗೋ ಬರಿದಾಗಿಯೋ ಕೆನ್ನೆಯ ಸಂದಿಗೆ ಒತ್ತರಿಸಿಕೊಂಡರೆ ಹಸಿವು, ಹಲ್ಲುನೋವು, ಗಂಡನ ಮಾತು ಯಾವುದೂ ತಟ್ಟುವುದಿಲ್ಲವಂತೆ. ಕೊನೆಗೆ ಅಮ್ಮನಿಗೆ ಗಂಜಿಯೂ ಗಂಟಲಿಗೆ ಇಳಿಯಲಿಲ್ಲ. ಕೆನ್ನೆ ತೂತಾಗಿ ಸತ್ತಳು. ನಾನಾಗ ಬಿಎಸ್ಸಿ ಓದುತ್ತಿದ್ದೆ.

ಅಮ್ಮನ ತಿಥಿಯ ದಿನವೇ ಅವಳ ಅಕ್ಕ, ನನ್ನ ದೊಡ್ಡಮ್ಮ ಆದಿಲಕ್ಷ್ಮಮ್ಮ, ಹಿತ್ತಿಲಲ್ಲಿ ನಿಂತು ಅದೇ ಪುಡಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು. ಅವಳ ಕೈ ಹಿಡಿದೆಳೆದು ನನ್ನ ತಲೆಯ ಮೇಲೆ ಇಟ್ಟುಕೊಂಡು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದೆ. ತಲೆ ಮುಟ್ಟಿ ಮಾಡಿದ ಆಣೆ ತಪ್ಪಿದರೆ ಆ ತಲೆ ಉಳಿಯುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ದೊಡ್ಡಮ್ಮ ಅಳುತ್ತ ಪೊಟ್ಟಣವನ್ನು ತಿಪ್ಪೆಗೆ ಎಸೆದಳು. ಮಕ್ಕಳಿಲ್ಲದ ಅವಳೇ ಮುಂದೆ ನನ್ನನ್ನು ಓದಿಸಿದಳು. ರಜೆಗೆ ಹೋದರೆ ಜಗಲಿಯ ಮೇಲೆ ಕೂರಿಸಿ ತಲೆಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಈಚೆಗೆ ಕೆಲವು ವರ್ಷಗಳಿಂದ ಅದನ್ನು ಬಿಟ್ಟಿದ್ದಳು. ಕೈ ಸೆಳೆತ, ನೀನೇ ಹಚ್ಚಿಕೋ ಎಂದು ಬಾಟಲಿ ಕೊಡುತ್ತಿದ್ದಳು. ದಿನಾ ಹಾಲಿನ ಕ್ಯಾನು ಎತ್ತುವ ಕೈ, ಇರಬಹುದು ಎಂದುಕೊಂಡಿದ್ದೆ.

ಹಾಲಿನ ಕ್ಯಾನು ಏಕೆಂದರೆ ದೊಡ್ಡಮ್ಮ ಊರಿನ ಮಹಿಳಾ ಡೈರಿಯ ಕಾರ್ಯದರ್ಶಿ. ಅಲ್ಲಿ ಅವಳು ಹೇಳಿದ್ದೇ ಮಾತು.

ಎಂಜಲು ಕೇಳುವುದು ಸುಲಭ ಎಂದುಕೊಂಡವರು ಎರ್ರಗುಂಟಪಲ್ಲಿಗೆ ಹೋಗಿ ಕೇಳಿ ನೋಡಲಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಯಾರ ತಕರಾರೂ ಇರಲಿಲ್ಲ, ಉಗಿಯಲು ಇತ್ತು. ಬೀದಿಯುದ್ದಕ್ಕೂ ಉಗಿದುಕೊಂಡು ಓಡಾಡುವವರು ನಾನು ಟ್ಯೂಬು ಹಿಡಿದೊಡನೆ ಬಾಯಿಗೆ ಸೆರಗು ಇಟ್ಟುಕೊಂಡರು. ಓದಿದ ಹುಡುಗಿಯ ಮುಂದೆ ಉಗಿದರೆ ಮರ್ಯಾದೆಯಲ್ಲ ಎಂದು ಕೆಲವರು. ಎಂಜಲು ಕೈಗೆ ಸಿಕ್ಕರೆ ಮಾಟ ಮಾಡಿಸಬಹುದು ಎಂದು ಉಳಿದವರು. ಗಂಡಸರಂತೂ ನನ್ನನ್ನು ಕಂಡರೆ ತೋಟದ ದಾರಿ ಹಿಡಿಯುತ್ತಿದ್ದರು. ನೋಡಿ ನೋಡಿ ದೊಡ್ಡಮ್ಮ ನನ್ನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡಳು.

“ನೀನು ಬಿಳಿ ಕೋಟು ಹಾಕ್ಕೊಂಡು ಎದುರಿಗೆ ನಿಂತ್ರೆ ಯಾರ್ಗೆ ಬರತ್ತೆ ಎಂಜ್ಲು, ಇರೋದೂ ಒಣಗೋಗತ್ತೆ. ಇಲ್ಲಿ ಬಿಟ್ಟೋಗು. ಬೆಳಗ್ಗೆ ಹಾಲು ಹಾಕಕ್ಕೆ ಬರ್ತಾರಲ್ಲ, ಆವಾಗ ತುಂಬಿಸಿ ಇಡ್ತೀನಿ. ದಿನಾ ಹಾಲಿನ ಸ್ಯಾಂಪ್ಲು ತಗೊಳ್ಳೋಳು ನಾನು. ಇದೂ ಹಂಗೇ ತಾನೆ.”

ಮುಂದಿನ ವಾರ ಹೋದರೆ ನಲವತ್ತೂ ಟ್ಯೂಬು ಗೆರೆಯವರೆಗೆ ತುಂಬಿದ್ದವು. ಅರ್ಧ ಹೆಂಗಸರದು, ಅರ್ಧ ಅವರ ಗಂಡಂದಿರದು ಎಂದು ಗುರುತು ಹಾಕಿ ಸಾಲಾಗಿ ನಿಲ್ಲಿಸಿದ್ದಳು. ಅಷ್ಟು ಅಚ್ಚುಕಟ್ಟಾದ ಸ್ಯಾಂಪಲ್ಲು ಮಾಲೂರಿನಿಂದಲೂ ಬಂದಿರಲಿಲ್ಲ, ಮುಳಬಾಗಿಲಿನಿಂದಲೂ ಬಂದಿರಲಿಲ್ಲ. ಒಂದು ಟ್ಯೂಬಿನಲ್ಲಿ ಹುಣಸೆಯ ನಾರೊಂದು ತೇಲುತ್ತಿತ್ತು. ಕೋಲಾರ ಜಿಲ್ಲೆಯ ಬಾಯಿ, ಹುಣಸೆ ಇಲ್ಲದೆ ಇರುತ್ತದೆಯೇ ಎಂದು ಪ್ರಯೋಗಾಲಯದಲ್ಲಿ ಎಲ್ಲರೂ ನಕ್ಕೆವು.

ನಮ್ಮ ಪರೀಕ್ಷೆಗೆ ಒಂದು ಮಿತಿ ಇತ್ತು. ಪುಢಾರಿ ಆರ್‌ಎನ್‌ಎ ಆ ಮಿತಿಗಿಂತ ತುಂಬ ಮೇಲಿದ್ದರೆ ಅನುಮಾನ. ಕೂದಲೆಳೆಯಷ್ಟು ಮೇಲಿದ್ದರೆ ಬಿಟ್ಟುಬಿಡುವುದು, ಏಕೆಂದರೆ ಯಂತ್ರ ಆಗಾಗ ಸುಮ್ಮಸುಮ್ಮನೆ ಅಷ್ಟು ತೋರಿಸುತ್ತಿತ್ತು. ಎರ್ರಗುಂಟಪಲ್ಲಿಯ ಅಷ್ಟೂ ಟ್ಯೂಬುಗಳು ಮಿತಿಗಿಂತ ಕೂದಲೆಳೆಯಷ್ಟು ಮೇಲಿದ್ದವು. ಕೆಳಗೆ ಒಂದೂ ಇರಲಿಲ್ಲ.

ಡಾಕ್ಟರ್ ಮುರಳಿಮೋಹನ್ ಕುರ್ಚಿಯಿಂದ ಎದ್ದೇ ಬಿಟ್ಟರು.

“ಗಂಗಾಲಕ್ಷ್ಮಿ, ಇದು ಇಡೀ ಊರು. ನೀರಿರಬಹುದು, ಟೊಮೆಟೊಗೆ ಹೊಡೆಯುವ ಔಷಧಿ ಇರಬಹುದು. ಬಹಳ ದೊಡ್ಡ ಪೇಪರು ಇದು. ಬಾವಿ ಹತ್ತಿರ ಹೆಂಗಸರು ಬಿಂದಿಗೆ ಹಿಡಿದು ನಿಂತಿರುವ ಫೋಟೋ ಒಂದು ಬೇಕು.”

“ಊರಿಗೆ ನಲ್ಲಿ ಬಂದು ಎಷ್ಟೋ ವರ್ಷ ಆಯ್ತು ಸರ್.”

“ಬಿಂದಿಗೆ ನಾವೇ ತಗೊಂಡು ಹೋಗೋಣ.”

ನನಗೆ ಮಾತ್ರ ಆ ಏಕರೂಪ ಹಿಡಿಸಲಿಲ್ಲ. ನಮ್ಮೂರಿನ ನಾಲ್ಕು ಜನ ಒಂದು ವಿಷಯಕ್ಕೆ ಒಪ್ಪಿದ್ದನ್ನು ಹುಟ್ಟಿದಾಗಿನಿಂದ ಕಂಡವಳಲ್ಲ ನಾನು. ಎಲ್ಲರ ಎಂಜಲೂ ಒಂದೇ ಮಾತು ಹೇಳುತ್ತಿದೆಯೆಂದರೆ ನಂಬುವುದು ಹೇಗೆ. ಕೂತು ಒಂದೊಂದನ್ನೇ ಬಿಡಿಸಿ ನೋಡಿದೆ. ನೋಡಿ ಅವರ ಕೋಣೆಗೆ ಹೋದೆ.

“ಸರ್, ಈ ಊರಲ್ಲಿ ಗಂಡಸರಿಲ್ಲ.”

“ಗುಳೆ ಹೋಗಿದ್ದಾರಾ?”

“ಅಲ್ಲ ಸರ್. ಗಂಡಸರದು ಅಂತ ಬರೆದಿರೋ ಟ್ಯೂಬುಗಳಲ್ಲೂ ಗಂಡಸಿನ ಆರ್‌ಎನ್‌ಎ ಇಲ್ಲ. ವೈ ಕ್ರೋಮೋಸೋಮಿಂದ ಒಂದಾದರೂ ಬರಬೇಕಿತ್ತು. ಸೊನ್ನೆ. ಅಕ್ಷರ ಅಕ್ಷರ ಹೋಲಿಸಿ ನೋಡಿದೆ. ನಲವತ್ತೂ ಒಬ್ಬಳೇ ಹೆಂಗಸಿನದು.”

ಸಾಹೇಬರ ಮುಖ ಇಳಿದುಹೋಯಿತು. ಬಿಂದಿಗೆ, ಬಾವಿ, ಪೇಪರು ಎಲ್ಲ ಒಟ್ಟಿಗೆ ಮುಳುಗಿದವಲ್ಲ.

“ಒಬ್ಬಳೇ ಅಂದರೆ ಅದು ಡೇಟಾ ಅಲ್ಲ, ಕಸ. ಎಸೆದುಬಿಡಿ. ಹೊಸದಾಗಿ ತನ್ನಿ.”

“ಆ ಒಬ್ಬಳಿಗೆ ಕಾಯಿಲೆ ಇದ್ದರೆ ಸರ್?”

“ಕೂದಲೆಳೆಯಷ್ಟು ತಾನೆ ಜಾಸ್ತಿ? ಒಂದೇ ಟ್ಯೂಬು ಆಗಿದ್ದರೆ ನೀವೇ ಬಿಡ್ತಿದ್ದಿರಿ.”

ಮಾತು ನಿಜ. ಒಂದೇ ಟ್ಯೂಬು ಆಗಿದ್ದರೆ ಬಿಡುತ್ತಿದ್ದೆ. ಆದರೆ ಒಬ್ಬಳದೇ ಎಂಜಲನ್ನು ನಲವತ್ತು ಸಲ ಅಳೆದು ನಲವತ್ತು ಸಲವೂ ಅದೇ ಉತ್ತರ ಬಂದರೆ ಅದು ಯಂತ್ರದ ಗೊಣಗಾಟವಲ್ಲ. ಎರ್ರಗುಂಟಪಲ್ಲಿಯಲ್ಲಿ ಯಾರೋ ಒಬ್ಬಳ ಬಾಯಲ್ಲಿ ಕ್ಯಾನ್ಸರು ಹೆಜ್ಜೆ ಇಡುತ್ತಿತ್ತು, ಅವಳಿಗೆ ಅದು ಗೊತ್ತಿರಲಿಲ್ಲ.

ಯಾರು ಎಂದು ಊಹಿಸಲು ಪಿಎಚ್‌ಡಿ ಬೇಕಿರಲಿಲ್ಲ. ಆದರೂ ಆ ಹೆಸರು ಮನಸ್ಸಿಗೆ ಬಂದಾಗಲೆಲ್ಲ ಆಚೆ ತಳ್ಳಿದೆ. ಆಣೆ ಮಾಡಿದ್ದಾಳೆ, ಅವಳಾಗಿರಲಾರಳು ಎಂದುಕೊಂಡೆ. ಕೊನೆಗೆ ಒಂದು ದಾರಿ ಉಳಿದಿತ್ತು. ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಗುರುತೊಂದು ಜೀವಕೋಶದಲ್ಲಿದೆ. ಅಜ್ಜಿಯಿಂದ ಹೆಣ್ಣುಮಕ್ಕಳಿಗೆ, ಅವರಿಂದ ಅವರ ಮಕ್ಕಳಿಗೆ, ಅಕ್ಷರ ಬದಲಾಗದೆ ಬರುತ್ತದೆ. ಅದರ ಆರ್‌ಎನ್‌ಎ ಉಗುಳಿನಲ್ಲಿ ಧಾರಾಳವಾಗಿರುತ್ತದೆ. ಹೋಲಿಸಿ ನೋಡಲೆಂದು ಪ್ರಯೋಗಾಲಯದವರೆಲ್ಲ ಕೊಟ್ಟ ಎಂಜಲಿನ ಜೊತೆ ನನ್ನದೂ ಫ್ರೀಜರಿನಲ್ಲಿತ್ತು. ಎರ್ರಗುಂಟಪಲ್ಲಿಯ ಎಂಜಲಿನ ಪಕ್ಕ ನನ್ನದನ್ನು ಇಟ್ಟು ನೋಡಿದೆ. ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. ನನ್ನ ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿ ಆ ಊರಲ್ಲಿ ಈಗ ಬದುಕಿರುವವಳು ಒಬ್ಬಳೇ. ಅಮ್ಮನ ಕೆನ್ನೆಯ ಮೇಲಿನ ಬ್ಯಾಂಡೇಜು, ಆ ವಾಸನೆ, ಎಲ್ಲ ನೆನಪಿಗೆ ಬಂದು ಅಲ್ಲೇ ಕೂತು ಅತ್ತೆ. ಎರಡು ಕೈಗವಸು ಹಾಕಿಕೊಂಡು ಕಣ್ಣು ಒರೆಸಿಕೊಳ್ಳುವುದಕ್ಕೂ ಆಗುವುದಿಲ್ಲ.

ಆ ಸಂಜೆಯೇ ಶ್ರೀನಿವಾಸಪುರದ ಬಸ್ಸು ಹತ್ತಿದೆ. ಡೈರಿ ಮುಂದೆ ಹಾಲಿನ ಸಾಲು ನಿಂತಿತ್ತು. ದೊಡ್ಡಮ್ಮ ಒಳಗೆ ಯಂತ್ರದ ಮುಂದೆ ಕೂತು ಒಬ್ಬೊಬ್ಬರ ಹಾಲಿನ ಫ್ಯಾಟು ನೋಡಿ ಚೀಟಿ ಹರಿದು ಕೊಡುತ್ತಿದ್ದಳು. ಸಾಲಿನ ಪಕ್ಕ ಕದಿರೇಶಣ್ಣ ಬಿಳಿ ಶರಟು ಹಾಕಿಕೊಂಡು ಯಾರಿಗೂ ಬೇಡದ ಉಸ್ತುವಾರಿ ನೋಡುತ್ತಿದ್ದ.

“ಏನೇ ಗಂಗೂ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ,” ಎಂದಳು ದೊಡ್ಡಮ್ಮ.

“ದೊಡ್ಡಮ್ಮ, ಆ ಟ್ಯೂಬುಗಳಿಗೆ ಉಗಿದೋರು ಯಾರು?”

“ಊರೋರು. ಇನ್ಯಾರು.”

“ಗಂಡಸ್ರೂ ಉಗಿದ್ರಾ?”

“ನಾನೇ ಮೊದ್ಲು ಉಗಿದಿದ್ದು ಮೇಡಂ,” ಎಂದ ಕದಿರೇಶಣ್ಣ, ಯಾರೂ ಕೇಳದಿದ್ದರೂ. “ಮೆಂಬ್ರು ಅಂದ್ಮೇಲೆ ಜನಕ್ಕೆ ಮಾದರಿ ಆಗ್ಬೇಕಲ್ವಾ.”

“ಅಷ್ಟೂ ಟ್ಯೂಬು ನೋಡಿದೀನಿ ಕದಿರೇಶಣ್ಣ. ಒಂದ್ರಲ್ಲೂ ಗಂಡಸಿನ ಗುರುತಿಲ್ಲ.”

ಸಾಲಿನ ಹಿಂದಿನಿಂದ ಅಶ್ವತ್ಥಮ್ಮನ ದನಿ ಬಂತು. ಊರಿನ ಹಿರಿ ಮುದುಕಿ ಅವಳು, ಎಲೆಯಡಿಕೆ ಕಡ್ಡಿಪುಡಿ ಹಾಕಿ ಕೂತಲ್ಲಿಂದಲೇ ರಸ್ತೆಯಾಚೆಯ ಚರಂಡಿಗೆ ಗುರಿಯಿಟ್ಟು ಉಗಿಯುವವಳು.

“ಅದು ಇವನ ಹೆಂಡ್ತಿಗೆ ಮೊದ್ಲೇ ಗೊತ್ತಿತ್ತು ಬಿಡಮ್ಮ.”

ಹಾಲು ತುಳುಕುವಷ್ಟು ನಕ್ಕರು ಹೆಂಗಸರು. ದೊಡ್ಡಮ್ಮ ಮಾತ್ರ ನಗಲಿಲ್ಲ. ಚೀಟಿ ಹರಿಯುತ್ತಿದ್ದ ಕೈ ನಿಂತಿತು. ಉಳಿದವರ ಹಾಲು ಬೇಗ ಬೇಗ ಅಳೆದು, ಸಾಲು ಕರಗಿದ ಮೇಲೆ ನನ್ನನ್ನು ಒಳಕೋಣೆಗೆ ಎಳೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು.

“ಎಷ್ಟು ಕೇಳಿದ್ರೂ ಒಬ್ರೂ ಕೊಡ್ಲಿಲ್ಲ ಕಣೇ. ನಿನ್ನ ಕೆಲ್ಸ ನಿಂತೋಗತ್ತಲ್ಲ ಅಂತ ಅಡ್ಜಸ್ಟ್ ಮಾಡ್ದೆ. ಯಾರಾದ್ರೂ ಹಾಲಿನ ಸ್ಯಾಂಪ್ಲು ತಪ್ಪಿಸ್ಕೊಂಡ್ರೆ ದೊಡ್ಡ ಕ್ಯಾ‌ನಿಂದ ತೆಗೆದು ತುಂಬಿಸಲ್ವಾ, ಹಂಗೆ. ಬಾಟ್ಲಿ ಖಾಲಿ ಹೋಗ್ಬಾರ್ದು ಅಷ್ಟೇ.”

“ಆ ದೊಡ್ಡ ಕ್ಯಾನು ಯಾರು?”

ದೊಡ್ಡಮ್ಮ ಬಾಗಿಲ ಕಡೆ ನೋಡಿದಳು. “ಅಶ್ವತ್ಥಮ್ಮ,” ಎಂದಳು.

ಅಶ್ವತ್ಥಮ್ಮ ಬಾಗಿಲ ಹಿಂದೆಯೇ ಇದ್ದಳು. ನಮ್ಮೂರಲ್ಲಿ ಬಾಗಿಲ ಹಿಂದೆ ಯಾರಾದರೂ ಇದ್ದೇ ಇರುತ್ತಾರೆ. ಒಳಗೆ ಬಂದು, ಬಾಯಲ್ಲಿದ್ದದ್ದನ್ನು ಕಿಟಕಿಯಿಂದ ಆಚೆ ಉಗಿದು, ನನ್ನ ಮೊಬೈಲಿನ ಟಾರ್ಚಿಗೆ ಬಾಯಿ ತೆರೆದು ನಿಂತಳು.

“ನೋಡ್ಕೊಳ್ಳೇ ನಾ ತಲ್ಲಿ, ನನ್ನಮ್ಮ, ಚೆನ್ನಾಗಿ ನೋಡ್ಕೋ. ನಾನು ಉಗಿದಿದ್ರೆ ನಿನ್ನ ಡಬ್ಬಿ ಕೆಂಪಗೆ ಇರ್ತಿತ್ತು. ಕೆಂಪಗಿತ್ತಾ?”

ಇರಲಿಲ್ಲ. ಅವಳ ಬಾಯೊಳಗೆ ಹಳೆಯ ಕೆಂಪುಗಂಬಳಿ ಹಾಸಿದಂತಿತ್ತು, ಆದರೆ ಬಿಳಿ ಕಲೆ ಎಲ್ಲೂ ಇಲ್ಲ. ಅರವತ್ತು ವರ್ಷ ವಿಷ ಜಗಿದವಳಿಗೆ ಏನೂ ಆಗಿಲ್ಲ. ವಿಜ್ಞಾನದ ಮರ್ಯಾದೆ ತೆಗೆಯಲಿಕ್ಕೇ ಇಂಥವರು ಬದುಕಿರುತ್ತಾರೆ.

“ಈ ಮಹಾತಾಯಿ ಮೂರು ಬೆಳಗ್ಗೆ ಇದೇ ರೂಮಲ್ಲಿ ಬಾಗ್ಲು ಹಾಕ್ಕೊಂಡು ಕೂತಿದ್ಲು,” ಎಂದಳು ಅಶ್ವತ್ಥಮ್ಮ. “ನಮ್ಮನೆಯಿಂದ ಹುಣಸೆಹಣ್ಣು ಇಸ್ಕೊಂಡೋದ್ಲು. ಸಾರಿಗೆ ಅಂದ್ಲು. ಬಾಯಲ್ಲಿ ನೀರೂರ್ಲಿ ಅಂತ ನೆಕ್ಕಿ ನೆಕ್ಕಿ, ನಾಲಿಗೆ ಸೀಳೋಗಿ, ಸಾಯಂಕಾಲ ಮಾತಾಡಕ್ಕೂ ಆಗ್ತಿರ್ಲಿಲ್ಲ ಇವಳ ಕೈಲಿ.”

ನನ್ನ ಕೆಲಸಕ್ಕೆಂದು ನಾಲಿಗೆ ಸೀಳಿಕೊಂಡು ನಲವತ್ತು ಟ್ಯೂಬು ತುಂಬಿಸಿದವಳನ್ನು ಬೈಯಲೋ ಅಪ್ಪಿಕೊಳ್ಳಲೋ ತಿಳಿಯಲಿಲ್ಲ.

“ದೊಡ್ಡಮ್ಮ, ಅದು ನಿನ್ನದು ಅಂತ ನನಗೆ ಗೊತ್ತಾಗಿದೆ. ಅದ್ರಲ್ಲಿ ಅಮ್ಮನಿಗೆ ಬಂದಿದ್ದ ಕಾಯಿಲೆಯ ಗುರುತಿದೆ. ಈಗ ಸಣ್ಣದು. ಬಾ ನನ್ನ ಜೊತೆ, ತೋರಿಸೋಣ.”

“ನಂಗೇನಾಗಿಲ್ಲ. ನಾನು ಪುಡಿ ಬಿಟ್ಟು ಯಾವ ಕಾಲ ಆಯ್ತು.”

“ಬಿಟ್ಟಿದ್ದೀಯಾ?”

“ಬಿಟ್ಟಿದ್ದೀನಿ. ಆಣೆ ಮಾಡಿಲ್ವಾ.”

“ಹಾಗಾದ್ರೆ ಇನ್ನೊಂದ್ಸಲ ಮಾಡು,” ಎಂದು ಅವಳ ಬಲಗೈ ಹಿಡಿದು ನನ್ನ ತಲೆಯ ಕಡೆಗೆ ಎಳೆದೆ.

ಒಲೆಯ ಮೇಲಿನ ಹಂಚು ತಾಗಿದವಳ ಹಾಗೆ ಕೈ ಕಿತ್ತುಕೊಂಡಳು. ಕಿತ್ತುಕೊಂಡ ರಭಸಕ್ಕೆ ಹಿಂದಿದ್ದ ಖಾಲಿ ಕ್ಯಾನು ಉರುಳಿತು. ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಗೋಡೆಗೆ ಒರಗಿ ನಿಂತಳು. ಇಷ್ಟು ವರ್ಷ ತಲೆಗೆ ಎಣ್ಣೆ ಹಚ್ಚದ ಕೈಗೆ ಯಾವ ಸೆಳೆತ ಎಂದು ಆಗ ನನಗೆ ಅರ್ಥವಾಯಿತು.

ಆಮೇಲೆ ಒಂದೊಂದೇ ಹೊರಗೆ ಬಂತು. ಬಿಡಲು ಆಗಿರಲಿಲ್ಲ. ಯಾರಿಗೂ ಕಾಣಬಾರದೆಂದು ಎಲೆಯಡಿಕೆ ಇಲ್ಲದೆ ಬರೀ ಪುಡಿ ಒತ್ತರಿಸಿಕೊಳ್ಳುತ್ತಿದ್ದಳು, ತುಟಿ ಕೆಂಪಾಗದ ಹಾಗೆ. ಆದರೆ ಆಣೆ ಬಿಡುತ್ತದೆಯೇ. ನನಗೆ ಏನಾದರೂ ಆದರೆ ಎಂಬ ಹೆದರಿಕೆಗೆ ಮುನೇಶ್ವರನ ಗುಡಿಗೆ ಹೋಗಿ, ತೆಂಗಿನಕಾಯಿ ಒಡೆದು, ನನ್ನ ತಲೆಯ ಮೇಲಿದ್ದ ಆಣೆಯನ್ನು ತನ್ನ ಸೀಮೆಹಸುವಿನ ತಲೆಯ ಮೇಲಕ್ಕೆ ಬದಲಾಯಿಸಿಕೊಂಡು ಬಂದಿದ್ದಳು. ಆದರೂ ನನ್ನ ತಲೆ ಮುಟ್ಟುವ ಧೈರ್ಯ ಬಂದಿರಲಿಲ್ಲ.

“ಆ ಹಸು ಹೋದ ವರ್ಷ ಸತ್ತೋಯ್ತು,” ಎಂದಳು.

“ಅದಕ್ಕೆ ಕೆಚ್ಚಲು ಬಾವು ಬಂದಿತ್ತು ದೊಡ್ಡಮ್ಮ.”

“ಯಾಕೆ ಬಂತು?”

ಇದಕ್ಕೆ ಯಾವ ವಿಜ್ಞಾನಿ ಉತ್ತರ ಕೊಡುತ್ತಾನೆ. ಹಸು ಸತ್ತ ಸಂಕಟಕ್ಕೆ ಪುಡಿ ಇನ್ನೂ ಜಾಸ್ತಿಯಾಯಿತಂತೆ. ಹಸು ಇಲ್ಲದ ಮೇಲೆ ಆಣೆ ತಿರುಗಿ ನನ್ನ ತಲೆಗೇ ಬಂದಿರುತ್ತದೆ ಎಂಬುದು ಅವಳ ಲೆಕ್ಕ.

ಟಾರ್ಚು ಹಿಡಿದು ಅವಳ ಬಾಯಿ ನೋಡಿದೆ. ಎಡಗೆನ್ನೆಯ ಒಳಗೆ, ಹಿಂದಿನ ಹಲ್ಲಿನ ಸಂದಿಯಲ್ಲಿ, ಅಕ್ಕಿನುಚ್ಚು ಅಂಟಿಕೊಂಡಂತೆ ಬಿಳಿ ಕಲೆ. ಖಾರ ಉರಿಯುತ್ತದೆಯೆಂದು ಮಾವಿನ ಉಪ್ಪಿನಕಾಯಿ ಬಿಟ್ಟಿದ್ದಳಂತೆ. ಶ್ರೀನಿವಾಸಪುರದ ಕಡೆಯವಳು ಉಪ್ಪಿನಕಾಯಿ ಬಿಟ್ಟಳೆಂದರೆ ಆಗಲೇ ಯಾರಿಗಾದರೂ ಅನುಮಾನ ಬರಬೇಕಿತ್ತು.

“ಆಸ್ಪತ್ರೆಗೆ ಬರಲ್ಲ,” ಎಂದಳು. “ಅಲ್ಲಿ ಕೇಳ್ತಾರೆ. ಪುಡಿ ಹಾಕ್ತೀನಿ ಅಂತ ಬಾಯಾರೆ ಒಪ್ಕೊಂಡ್ರೆ ಮುಗೀತು, ಆಣೆ ತಪ್ಪಿದ್ದು ರುಜುವಾತಾಗೋಗತ್ತೆ. ನಾನು ಮುದುಕಿ, ಹೋದ್ರೆ ಹೋಗ್ತೀನಿ. ನೀನಿರ್ಬೇಕು.”

“ನಾನು ಸಾಯಲ್ಲ ದೊಡ್ಡಮ್ಮ. ನೀನು ಸಾಯ್ತೀಯ. ಅಮ್ಮ ಸತ್ತ ಹಾಗೇ ಸಾಯ್ತೀಯ. ಆಮೇಲೆ ನನಗೆ ಯಾರಿದ್ದಾರೆ ಹೇಳು.” ಹೇಳುತ್ತಲೇ ಅತ್ತುಬಿಟ್ಟೆ.

ಅವಳೂ ಅತ್ತಳು, ಆದರೆ ಜಗ್ಗಲಿಲ್ಲ. ಕೊನೆಗೆ ಅಶ್ವತ್ಥಮ್ಮನೇ ಬಾಯಿ ಹಾಕಿದಳು.

“ಚಾಲ್ಲೇ, ಸಾಕು ಇಬ್ರೂ ಅತ್ತಿದ್ದು. ಹಸು ತಲೆಗೆ ಬದಲಾಯಿಸಿದ್ಲಲ್ಲ, ಹಂಗೇ ಇನ್ನೊಂದು ತಲೆ ನೋಡಿ. ಇವಳು ಪುಡಿ ಬಿಟ್ರೆ ಆ ತಲೆಗೂ ಏನೂ ಆಗಲ್ಲ.”

ಯಾರ ತಲೆ ಎಂದು ಎಲ್ಲರೂ ಯೋಚಿಸಿದೆವು. ಬಾಗಿಲಲ್ಲಿ ಇಣುಕುತ್ತಿದ್ದ ಕದಿರೇಶಣ್ಣ ಸದ್ದಿಲ್ಲದೆ ಹಿಂದಕ್ಕೆ ಸರಿದು ಬೈಕು ಸ್ಟಾರ್ಟು ಮಾಡಿದ.

“ನಮ್ಮ ಸಾಹೇಬ್ರ ತಲೆ ಇದೆ,” ಎಂದೆ.

ದೊಡ್ಡಮ್ಮ ಕಣ್ಣೊರೆಸಿಕೊಂಡಳು. “ಒಳ್ಳೆಯೋರಾ?”

“ಇರ್ಲಿ ಬಿಡು.”

ಮಾರನೆಯ ಬೆಳಿಗ್ಗೆ ನರಸಾಪುರದ ಕಂಪನಿ ಬಸ್ಸುಗಳ ನಡುವೆ ತೂರಿಕೊಂಡು ಆಟೋದಲ್ಲಿ ಅವಳನ್ನು ಕೇಂದ್ರಕ್ಕೆ ಕರೆದುಕೊಂಡು ಹೋದೆ. ಎರ್ರಗುಂಟಪಲ್ಲಿಯ ಮುಖಂಡರೊಬ್ಬರು ತಮ್ಮನ್ನು ಹರಸಬೇಕಂತೆ ಸರ್ ಎಂದೆ. ಡಾಕ್ಟರ್ ಮುರಳಿಮೋಹನರಿಗೆ ಎಲ್ಲಿಲ್ಲದ ಖುಷಿ. ವಾರ್ಷಿಕ ವರದಿಗೆ ಬೇಕಾಗುತ್ತದೆಂದು ಫೋಟೋ ತೆಗೆಯುವವನನ್ನು ಕರೆಸಿ ಬಗ್ಗಿ ನಿಂತರು. ದೊಡ್ಡಮ್ಮ ಆ ನುಣುಪು ತಲೆಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿಕೊಂಡಳು.

“ನಾ ಬಿಡ್ಡ ತಲ ಮೀದುಂಡೇ ಒಟ್ಟು ಈಯನ ತಲ ಮೀದಿಕಿ ರಾನೀ, ಮುನೇಶ್ವರಾ.”

ನನ್ನ ಮಗುವಿನ ತಲೆಯ ಮೇಲಿರುವ ಆಣೆ ಈತನ ತಲೆಗೆ ಬರಲಿ ಎಂದು. ಸಾಹೇಬರಿಗೆ ತೆಲುಗು ಬಾರದು. ಏನಂದರು ಎಂದು ಕೇಳಿದರು.

“ನೂರು ವರ್ಷ ಬಾಳಲಿ ಅಂದರು ಸರ್,” ಎಂದೆ.

ಅಲ್ಲಿಂದ ನೇರ ಆಸ್ಪತ್ರೆಗೆ. ಕಡ್ಡಿಪುಡಿ ಅಭ್ಯಾಸ ಇದೆಯಾ ಎಂದು ಡಾಕ್ಟರು ಕೇಳಿದಾಗ ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಐತೆ ಎಂದಳು. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ. ಆದರೆ ಆಗತಾನೆ ಶುರುವಾದದ್ದು, ಕತ್ತಿನ ಗಂಟುಗಳಿಗೆ ಇಳಿದಿರಲಿಲ್ಲ. ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಅವರು ಕೇಳಿದಾಗ, ಇವರು ಸ್ಯಾಂಪಲ್ಲಿನಲ್ಲಿ ಮೋಸ ಮಾಡಿದ್ದರಿಂದ ಎಂದೆ. ಅವರು ನಕ್ಕು ಸುಮ್ಮನಾದರು, ತಮಾಷೆ ಎಂದುಕೊಂಡಿರಬೇಕು. ಪ್ರಾಮಾಣಿಕವಾಗಿ ಒಂದೇ ಟ್ಯೂಬು ಕೊಟ್ಟಿದ್ದರೆ ನಾನೇ ಅದನ್ನು ಕಸಕ್ಕೆ ಹಾಕಿರುತ್ತಿದ್ದೆ. ಡಾಕ್ಟರ್ ಮುರಳಿಮೋಹನ್ ಈಗ ಸಭೆಗಳಲ್ಲಿ ಆ ನಲವತ್ತು ಟ್ಯೂಬುಗಳ ಸ್ಲೈಡು ತೋರಿಸುತ್ತಾರೆ. ಒಬ್ಬರದೇ ಮಾದರಿಯನ್ನು ಮತ್ತೆ ಮತ್ತೆ ಅಳೆಯಬೇಕೆಂದು ಮೊದಲೇ ಯೋಚಿಸಿ ಮಾಡಿದ್ದಂತೆ.

ಆಪರೇಷನ್ ಆಯಿತು. ಕೆನ್ನೆಗೆ ಹೊಲಿಗೆ ಹಾಕಿದ್ದರಿಂದ ದೊಡ್ಡಮ್ಮ ಕೆಲವು ದಿನ ಮಾತಾಡಲಿಲ್ಲ. ಮಾತು ಬಂದಾಗ ಮೊದಲು ಕೇಳಿದ್ದು ನನ್ನ ವಿಷಯವನ್ನಲ್ಲ.

“ಆಯಪ್ಪ ಹೆಂಗವ್ನೆ?”

“ಯಾರು, ನಮ್ಮ ಸಾಹೇಬ್ರಾ? ನೆಗಡಿ ಆಗಿದೆ,” ಎಂದುಬಿಟ್ಟೆ.

ಮುಖ ಬಿಳುಚಿಕೊಂಡಿತು. ಮಂಚದ ಕೆಳಗಿದ್ದ ತನ್ನ ಚೀಲದ ಕಡೆ ಕೈ ತೋರಿಸಿದಳು. ಸೀರೆಯ ಮಡಿಕೆಯೊಳಗೆ ಒಂದು ಪೊಟ್ಟಣ ಕಡ್ಡಿಪುಡಿ. ಕ್ಯಾನ್ಸರ್ ಆಪರೇಷನ್ನಿಗೆ ಬರುವಾಗ ಬುತ್ತಿ ಕಟ್ಟಿಕೊಂಡ ಹಾಗೆ ಕಟ್ಟಿಕೊಂಡು ಬಂದಿದ್ದಳು.

“ಬಿಸಾಕು,” ಎಂದಳು. “ಪಾಪ, ಹೆಂಡ್ತಿ ಮಕ್ಕಳಿರೋ ಮನುಷ್ಯ.”

ಅಂದಿನಿಂದ ಮುಟ್ಟಿಲ್ಲ. ಡೈರಿಯಲ್ಲಿ ಅಶ್ವತ್ಥಮ್ಮ ಪಕ್ಕದಲ್ಲೇ ಕೂತು ಜಗಿದರೂ ಮುಟ್ಟಿಲ್ಲ. ಡಾಕ್ಟರ್ ಮುರಳಿಮೋಹನ್ ಗುಂಡುಕಲ್ಲಿನ ಹಾಗಿದ್ದಾರೆ. ಯಾರ ದಯದಿಂದ ಎಂದು ಅವರಿಗೆ ಗೊತ್ತಿಲ್ಲ.

ನನಗೆ ಮಾತ್ರ ಒಳಗೊಳಗೆ ಕುದಿಯುತ್ತಿತ್ತು. ಮೊನ್ನೆ ಊರಿಗೆ ಹೋದಾಗ ತಡೆಯಲಾರದೆ ಕೇಳಿಯೇ ಬಿಟ್ಟೆ.

“ನನ್ನ ತಲೆಗೋಸ್ಕರ ಬಿಡ್ಲಿಲ್ಲ. ಯಾರೋ ಬೋಳುತಲೆಯವನಿಗೋಸ್ಕರ ಬಿಟ್ಟೆ. ನಾನು ನಿನಗೆ ಅಷ್ಟೂ ಬೇಡವಾದ್ನಾ ದೊಡ್ಡಮ್ಮ?”

ಹೊಲಿಗೆಯ ಕಡೆ ಕೆನ್ನೆ ಎಳೆದುಕೊಂಡಿರುವುದರಿಂದ ಅವಳ ಮಾತು ಈಗ ಸ್ವಲ್ಪ ತೊದಲು.

“ನಿನ್ನ ತಲೆ ಮೇಲಿದ್ದಾಗ ಭಯ ಆಗ್ತಿತ್ತು ಕಣೇ. ನೀನು ಬಸ್ಸು ಹತ್ತಿದ್ರೆ ಭಯ, ಫೋನು ಎತ್ತದಿದ್ರೆ ಭಯ. ಭಯ ಆದಾಗೆಲ್ಲ ಪುಡಿ ಬೇಕಾಗ್ತಿತ್ತು. ಈಗ ಆಣೆ ಅಲ್ಲಿಲ್ಲ, ಭಯಾನೂ ಇಲ್ಲ. ಅದಕ್ಕೇ ಬಿಡಕ್ಕಾಯ್ತು.”

ಅಮ್ಮ ಸತ್ತ ಸಿಟ್ಟಿನಲ್ಲಿ ನಾನು ಆ ಕೈಯನ್ನು ಎಳೆದುಕೊಂಡದ್ದು ನೆನಪಾಯಿತು. ಅವಳು ಎದ್ದು ಒಳಗೆ ಹೋಗಿ ಹರಳೆಣ್ಣೆ ಬಾಟಲಿ ತಂದಳು.

“ಬಾ ಇಲ್ಲಿ. ತಲೆ ನೋಡು, ಪೊರಕೆ ಆಗೈತೆ.”

ಜಗಲಿಯ ಮೇಲೆ ಅವಳ ಕಾಲ ಬಳಿ ಕೂತೆ. ಎಣ್ಣೆ ಸುರಿದು ಎರಡೂ ಕೈ ನನ್ನ ತಲೆಯ ಮೇಲೆ ಇಟ್ಟಳು. ಇಟ್ಟವಳು ತಕ್ಷಣ ತಿಕ್ಕಲಿಲ್ಲ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು.